ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಮೇಲೆ ಮತ್ತೆ ಕೆಮಿಕಲ್ ಸುರಿಯೋದು ಸರೀನಾ?

ಕಡಲಹಕ್ಕಿ:
ಹಡಗಿನಿಂದ ಎಣ್ಣೆ ಸೋರಿದಾಗ ವಿಮಾನದಿಂದ ಡಿಸ್ಪರ್ಸೆಂಟ್ ಅನ್ನೋ ಎಣ್ಣೆ ಒಡೆಯುವ ಕೆಮಿಕಲ್ ಸಿಂಪಡಿಸೋ ವಿಡಿಯೋ ನೋಡಿದೆ. ಸ್ವಲ್ಪ ಹೊತ್ತಿಗೆ ಕಪ್ಪು ಪದರ ಕರಗಿ ನೀರೆಲ್ಲ ಹಾಲು ಹಾಕಿದ ಕಾಫಿ ಬಣ್ಣ. ಆ ಎಣ್ಣೆ ಎಲ್ಲಿ ಹೋಯ್ತು? ಇದು ನಿಜವಾಗಲೂ ಕ್ಲೀನ್ ಮಾಡೋದಾ, ಅಥವಾ ಸುಮ್ನೆ ಕಣ್ಣಿಗೆ ಕಾಣದ ಹಾಗೆ ಮಾಡೋದಾ?

ನೀರಹನಿ:
ಎಲ್ಲೂ ಹೋಗಿಲ್ಲ, ನೀರಿನೊಳಗೇ ಇದೆ. ಜಿಡ್ಡು ಪಾತ್ರೆಗೆ ಸೋಪು ಹಾಕಿದಂತೆಯೇ ಇದು. ಡಿಸ್ಪರ್ಸೆಂಟ್‌ನ ಅಣುವಿನ ಒಂದು ತುದಿ ಎಣ್ಣೆ ಹಿಡಿಯುತ್ತದೆ, ಇನ್ನೊಂದು ನೀರು ಹಿಡಿಯುತ್ತದೆ, ಆಮೇಲೆ ಅಲೆ ಬಡಿದಾಗ ಎಣ್ಣೆ ಒಡೆದು ಸಣ್ಣ ಸಣ್ಣ ಹನಿಯಾಗುತ್ತದೆ. ಹನಿ ಸುಮಾರು 70 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಚಿಕ್ಕದಾದರೆ ಮತ್ತೆ ಮೇಲೆ ಬರೋದು ಕಷ್ಟ, ನೀರಲ್ಲೇ ತೇಲಾಡುತ್ತಾ ಹರಡಿಕೊಳ್ಳುತ್ತದೆ. ಆಲ್ಕನಿವೊರಾಕ್ಸ್‌ನಂಥ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅದು ಸುಲಭವಾಗಿ ಸಿಗುತ್ತದೆ ಅನ್ನೋದೇ ಇದರ ಹಿಂದಿನ ಲೆಕ್ಕ. ಸಾಮಾನ್ಯವಾಗಿ 20 ಪಾಲು ಎಣ್ಣೆಗೆ 1 ಪಾಲು ಹಾಕುತ್ತಾರೆ.

ಬಂಡೆಗಲ್ಲು:
1967ರ ಟೋರಿ ಕ್ಯಾನ್ಯನ್ ದುರಂತ ಮರೆಯಬೇಡಿ. ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಆ ಎಣ್ಣೆ ಹಡಗು ಬಂಡೆಗೆ ಬಡಿದಾಗ ಸುಮಾರು 10,000 ಟನ್ ಡಿಟರ್ಜೆಂಟ್ ಸುರಿದರು, ದಡದ ಬಂಡೆಗಳನ್ನೂ ಬಿಡಲಿಲ್ಲ. ಅಲ್ಲಿ ಲಿಂಪೆಟ್ ಅಂತ ಬಂಡೆಗೆ ಅಂಟಿಕೊಂಡು ಪಾಚಿ ಮೇಯುವ ಚಿಪ್ಪುಜೀವಿ ಇದೆ. ಎಣ್ಣೆ ಮಾತ್ರ ಬಿದ್ದ ಕಡೆ ಎಷ್ಟೋ ಬದುಕಿಕೊಂಡವು, ಡಿಟರ್ಜೆಂಟ್ ಬಿದ್ದ ಕಡೆ ಸತ್ತು ಉದುರಿದವು. ಮೇಯುವವರೇ ಇಲ್ಲದ ಮೇಲೆ ಬಂಡೆ ತುಂಬಾ ಹಸಿರು ಪಾಚಿ, ಅದು ಮೊದಲಿನಂತಾಗಲು ಹತ್ತು ವರ್ಷದ ಮೇಲೇ ಹಿಡಿಯಿತು. ಈಗಿನವು ಅಷ್ಟು ವಿಷವಲ್ಲ, ಒಪ್ಪುತ್ತೇನೆ. ಆದರೆ ಒಡೆದ ಎಣ್ಣೆಯೇ ಮೀನಿನ ಮೊಟ್ಟೆ, ಮರಿ, ಹವಳ ಎಲ್ಲಕ್ಕೂ ತಾಗುತ್ತದೆ, ಅದಕ್ಕೇನು ಹೇಳ್ತೀರಿ?

ಕಡಲಹಕ್ಕಿ:
ಹಾಗಾದರೆ ಬೂಮ್ ಅನ್ನೋ ತೇಲುವ ಬೇಲಿ ಹಾಕಿ ತಡೆದು, ಮೇಲಿನ ಎಣ್ಣೆ ತೆಗೆಯೋ ಸ್ಕಿಮ್ಮರ್ ಯಂತ್ರದಿಂದ ಎತ್ತೋದೇ ಒಳ್ಳೇದಲ್ವಾ?

ನೀರಹನಿ:
ಎತ್ತಲು ಆಗುವುದಾದರೆ ಅದೇ ಒಳ್ಳೇದು, ಎರಡು ಮಾತಿಲ್ಲ. ಆದರೆ ತೆರೆದ ಸಮುದ್ರದಲ್ಲಿ ಅಲೆ ಜೋರಾದರೆ ಎಣ್ಣೆ ಬೂಮ್ ದಾಟಿ ಹೋಗುತ್ತದೆ, ದೊಡ್ಡ ಸೋರಿಕೆಗಳಲ್ಲಿ ಎತ್ತಲು ಸಿಗೋದು ಸಣ್ಣ ಪಾಲು ಅಷ್ಟೇ. ಡಿಸ್ಪರ್ಸೆಂಟ್‌ಗೆ ಅಲೆ ಬೇಕೇ ಬೇಕು. ಇನ್ನು ಬಂಡೆಗಲ್ಲು ಕೇಳಿದ್ದಕ್ಕೆ: ಹೌದು, ತಾಗುತ್ತದೆ. ಇಲ್ಲಿ ಯಾರನ್ನು ಉಳಿಸಬೇಕು ಅನ್ನೋ ಕಷ್ಟದ ಆಯ್ಕೆ ಇದೆ. ಮೇಲೇ ಬಿಟ್ಟರೆ ಹಕ್ಕಿಗಳ ಗರಿ ಜಿಡ್ಡಾಗಿ ಚಳಿಗೆ ಸಾಯುತ್ತವೆ, ಎಣ್ಣೆ ಮ್ಯಾಂಗ್ರೋವ್ ಬೇರಿನೊಳಗೆ ಹೋದರೆ ತೆಗೆಯೋಕೇ ಆಗಲ್ಲ. ಆಳದ ನೀರಿನಲ್ಲಾದರೆ ಒಡೆದ ಎಣ್ಣೆ ಬೇಗ ತೆಳುವಾಗುತ್ತದೆ. ಅದಕ್ಕೇ ಬ್ರಿಟನ್‌ನಲ್ಲಿ 20 ಮೀಟರ್‌ಗಿಂತ ಕಡಿಮೆ ಆಳದಲ್ಲಿ ಬಳಸಬೇಕಾದರೆ ಮೊದಲೇ ಒಪ್ಪಿಗೆ ಪಡೆಯಬೇಕು.

ದೀಪಸ್ತಂಭ:
2010ರ ಡೀಪ್‌ವಾಟರ್ ಹೊರೈಜನ್ ಅನ್ನೋ ಎಣ್ಣೆ ಬಾವಿ ಕೊರೆಯುವ ವೇದಿಕೆಯ ದುರಂತದ ಬಗ್ಗೆಯೂ ಹೇಳಲೇಬೇಕು. ಮೆಕ್ಸಿಕೋ ಕೊಲ್ಲಿಯಲ್ಲಿ ಸುಮಾರು 18 ಲಕ್ಷ ಗ್ಯಾಲನ್ ಡಿಸ್ಪರ್ಸೆಂಟ್ ಬಳಸಿದರು. ಅದರಲ್ಲಿ 7.7 ಲಕ್ಷದಷ್ಟನ್ನು ಸುಮಾರು 1,500 ಮೀಟರ್ ಆಳದಲ್ಲಿ, ಬಾವಿಯ ಬಾಯಿಗೇ ಬಿಟ್ಟರು. ಅದರಿಂದ ಎಷ್ಟು ಲಾಭವಾಯ್ತು ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. ಮೇಲೆ ದೋಣಿಗಳಲ್ಲಿದ್ದವರಿಗೆ ಎಣ್ಣೆಯ ಆವಿ ಕಡಿಮೆ ತಾಗಲಿ ಅನ್ನೋದೂ ಒಂದು ಉದ್ದೇಶವಾಗಿತ್ತು, ಇದನ್ನು ತುಂಬಾ ಜನ ಹೇಳುವುದೇ ಇಲ್ಲ.

ಕಡಲಹಕ್ಕಿ, ಇನ್ನೊಂದು ವಿಷಯ. ಎಣ್ಣೆ ಚೆಲ್ಲಿ ಒಂದೆರಡು ದಿನ ಕಳೆದರೆ ನೀರು ಸೇರಿ ದಪ್ಪ ಚಾಕೊಲೇಟ್ ಬಣ್ಣದ ಲೋಳೆಯಾಗುತ್ತದೆ, ಆಮೇಲೆ ಎಷ್ಟು ಸಿಂಪಡಿಸಿದರೂ ಔಷಧಿ ಮೇಲಿಂದ ಜಾರಿ ಸಮುದ್ರಕ್ಕೇ ಹೋಗುತ್ತದೆ. ಹಾಗಾಗಿ ಎಲ್ಲಿ ಬಳಸಬಹುದು, ಎಲ್ಲಿ ಬೇಡವೇ ಬೇಡ ಅನ್ನೋದನ್ನು ಹಡಗು ಮುಳುಗುವ ಮುಂಚೆಯೇ ನಕ್ಷೆ ಮೇಲೆ ಗುರುತು ಹಾಕಿಟ್ಟಿರಬೇಕು.