ಮೆಟ್ಟಿದ ಹುಲ್ಲನ್ನು ಮತ್ತೆ ಹಾಕಬೇಡ

ಮಗಾ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದೆ. ಬೆರಳಿನಲ್ಲಿ ಒತ್ತಿ ಬರೆಯಲು ನನ್ನ ಕಣ್ಣು ಸಾಲದು, ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ. ಉದ್ದವಾದರೂ ಕೊನೆಯವರೆಗೆ ಕೇಳು. ಮಲ್ಪೆಯ ನಿನ್ನ ಎರಡು ಕುದುರೆಗಳು ಹಾಕಿದ ಒಣಹುಲ್ಲನ್ನು ಕಾಲಡಿಗೆ ಎಳೆದು ಮೆಟ್ಟುತ್ತವೆ, ಅದರ ಮೇಲೆಯೇ ಉಚ್ಚೆ ಹೊಯ್ಯುತ್ತವೆ, ಘಟ್ಟದ ಮೇಲಿನಿಂದ ತರಿಸಿದ ಹುಲ್ಲಿನಲ್ಲಿ ಅರ್ಧ ಗೊಬ್ಬರದ ಗುಂಡಿಗೆ ಹೋಗುತ್ತದೆ, ಅದನ್ನು ತಪ್ಪಿಸುವುದು ಹೇಗೆ ಎಂದು ಬರೆದಿದ್ದೀಯ. ಆ ಸಂಕಟ ನನಗೆ ಗೊತ್ತು. ಆದರೆ ಕೊನೆಯ ಸಾಲಿನಲ್ಲಿ, ಮೆಟ್ಟಿದ ಹುಲ್ಲನ್ನು ಆರಿಸಿ ಬಿಸಿಲಿಗೆ ಒಣಗಿಸಿ ರಾತ್ರಿಗೆ ಹಾಕಬಹುದೇ ಎಂದು ಕೇಳಿದ್ದೀಯಲ್ಲ, ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಬೇಡ. ಒಮ್ಮೆ ಒದ್ದೆಯಾದ ಹುಲ್ಲು ಮೇಲಿನಿಂದ ಒಣಗಿದಂತೆ ಕಂಡರೂ ಅದನ್ನು ಮತ್ತೆ ಬಾಯಿಗೆ ಕೊಡಬೇಡ.

ನಮ್ಮ ಹಸು ಕಪಿಲೆಗೆ ಏನಾಯಿತೆಂದು ಕಣ್ಣಾರೆ ಕಂಡವರು ಈ ಗುಂಪಿನಲ್ಲಿ ಈಗ ಇಬ್ಬರೋ ಮೂವರೋ ಇದ್ದೇವೆ. 1994ರ ಆಟಿ ತಿಂಗಳು, ಜೋರು ಮಳೆಗಾಲ. ಕಪಿಲೆ ಏಳು ತಿಂಗಳ ಗಬ್ಬ. ಸುಗ್ಗಿ ಬೆಳೆಯ ಬೈಹುಲ್ಲನ್ನು, ಅಂದರೆ ಭತ್ತದ ಒಣಹುಲ್ಲನ್ನು, ಅಂಗಳದ ಮೂಲೆಯಲ್ಲಿ ಕುತ್ತರಿಯಾಗಿ ಒಟ್ಟಿ ತೆಂಗಿನ ಮಡಲು ಮುಚ್ಚಿದ್ದೆವು. ಗಾಳಿಗೆ ಮಡಲು ಸರಿದು ನೀರು ಒಳಗಿಳಿದದ್ದು ಯಾರಿಗೂ ತಿಳಿಯಲಿಲ್ಲ. ಒಂದು ಸೂಡಿ, ಅಂದರೆ ಒಂದು ಕಟ್ಟು ಹುಲ್ಲು, ಎಳೆದಾಗ ಬೂದಿಯಂತಹ ಹುಡಿ ಹಾರಿತು. ಇದು ಬೇಡ, ತೆಂಗಿನ ಬುಡಕ್ಕೆ ಹಾಕೋಣ ಎಂದು ನಿಮ್ಮ ದೊಡ್ಡಪ್ಪ ಹೇಳಿದರು. ಇಷ್ಟು ಹುಲ್ಲನ್ನು ಎಸೆಯುವುದೇ ಎಂದು ಹಟ ಹಿಡಿದವಳು ನಾನು. ಮಳೆ ಬಿಟ್ಟ ಎರಡು ದಿನ ಅಂಗಳದಲ್ಲಿ ಹರಡಿ, ಕೊಡವಿ, ಒಳ್ಳೆಯ ಹುಲ್ಲಿನ ಜೊತೆ ಬೆರೆಸಿ ಹಾಕಿದೆ. ಮೊದಲು ಅವಳಿಗೆ ಕೆಮ್ಮು ಬಂತು, ಆಮೇಲೆ ಅಕ್ಕಿ ತೊಳೆದ ಅಕ್ಕಚ್ಚನ್ನೂ ಮೂಸದಾದಳು, ಹತ್ತನೆಯ ದಿನ ಬೆಳಗಿನ ಜಾವ ಕಂದು ಹಾಕಿದಳು. ದನದ ಡಾಕ್ಟರು ಬಂದವರು ಮೊದಲು ಹಸುವನ್ನು ನೋಡಲಿಲ್ಲ. ಕುತ್ತರಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ಹುಲ್ಲನ್ನು ಎಳೆದು ನನ್ನ ಅಂಗೈಯಲ್ಲಿಟ್ಟರು. ಸುತ್ತ ಅಷ್ಟು ಚಳಿಯಿದ್ದರೂ ಆ ಹುಲ್ಲು ಬೆಚ್ಚಗಿತ್ತು. ಬೂಸಲು ಹಿಡಿದ ಹುಲ್ಲಿನಿಂದಲೇ ಗಬ್ಬ ಹೋಗಿರಬೇಕು ಎಂದರು. ಕಪಿಲೆ ಆ ಸತ್ತ ಕರುವನ್ನು ಮಧ್ಯಾಹ್ನದವರೆಗೆ ನೆಕ್ಕುತ್ತಲೇ ಇದ್ದಳು. ಅವಳು ಮತ್ತೆ ಗಬ್ಬ ನಿಲ್ಲಲಿಲ್ಲ.

ಮೆಲುಕು ಹಾಕುವ, ನಾಲ್ಕು ಕೋಣೆಯ ಹೊಟ್ಟೆಯಿರುವ ಹಸುವಿಗೇ ಹಾಗಾಯಿತು. ನಿನ್ನ ಕುದುರೆಗೆ ಇರುವುದು ಒಂದೇ ಸಣ್ಣ ಜಠರ, ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಕೆಟ್ಟದ್ದು ಒಳಗೆ ಹೋದರೆ ಹೊಟ್ಟೆನೋವಿನಿಂದ ನೆಲಕ್ಕೆ ಬಿದ್ದು ಹೊರಳುತ್ತದೆ. ಬೂಸಲಿನ ಹುಡಿ ಮೂಗಿಗೆ ಹೋದರೆ ಮನುಷ್ಯರ ಉಬ್ಬಸದಂತಹ ಕೆಮ್ಮು ಹಿಡಿದು ಅದು ಓಡಲಾರದಂತೆ ಆಗುತ್ತದೆ. ಲದ್ದಿ ತಾಗಿದ ಹುಲ್ಲಿನಲ್ಲಿ ಜಂತುಹುಳದ ಮರಿಗಳು ಇರಬಹುದು. ನಿನ್ನದು ಕಡಲ ಬದಿಯ ಜಾಗ, ನೆಲದಿಂದ ಆರಿಸಿ ತಿಂದರೆ ಹುಲ್ಲಿನ ಜೊತೆ ಹೊಯಿಗೆಯೂ, ಅಂದರೆ ಮರಳೂ, ಹೊಟ್ಟೆ ಸೇರಿ ಕರುಳಿನ ತಳದಲ್ಲಿ ಕೂರುತ್ತದೆ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಮೆಟ್ಟಿದ ಹುಲ್ಲನ್ನು ಉಳಿತಾಯವೆಂದು ಮತ್ತೆ ಹಾಕಬೇಡ.

ಹಿಂದೆ ನಮ್ಮ ದನದ ಹಟ್ಟಿಯ ಮೇಲೆ ಹುಲ್ಲಿಡುವ ಅಟ್ಟವಿತ್ತು. ಅಡಿಕೆ ಮರವನ್ನು ಸೀಳಿದ ಸಲಾಕೆಯ ಆ ಅಟ್ಟದಲ್ಲಿ ಕೆಳಗಿನಿಂದಲೂ ಗಾಳಿಯಾಡುತ್ತಿತ್ತು. ಕುತ್ತರಿಯ ಹುಲ್ಲು ಕೆಟ್ಟ ಆ ವರ್ಷವೂ ಅಟ್ಟದ ಹುಲ್ಲು ಗರಿಗರಿಯಾಗಿಯೇ ಇತ್ತು. ಆಸ್ತಿ ಪಾಲಾದಾಗ ಅದನ್ನು ಕೆಡವಬೇಡಿ ಎಂದು ನಾನು ಎಷ್ಟು ಕೇಳಿಕೊಂಡೆ! ಕಾರು ನಿಲ್ಲಿಸಲು ಜಾಗ ಬೇಕೆಂದು ಒಂದೇ ದಿನದಲ್ಲಿ ಕೆಡವಿದಿರಿ. ಆಮೇಲೆ ಬೈಲಿನ ಗದ್ದೆಗಳಿಗೆ ಮಣ್ಣು ತುಂಬಿಸಿದಿರಿ. ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಭತ್ತದ ಬೆಳೆ ತೆಗೆದ ಮನೆಯವರು ಈಗ ಒಂದು ಸೂಡಿ ಹುಲ್ಲಿಗೂ ಘಟ್ಟದ ಲಾರಿಯನ್ನು ಕಾಯಬೇಕಾಗಿದೆ. ಈ ಮಾತು ಕೆಲವರಿಗೆ ಹಿಡಿಸದು ಎಂದು ನನಗೆ ಗೊತ್ತು, ಆದರೂ ನನ್ನ ಹೊಟ್ಟೆಯೊಳಗಿನ ಬೇಗೆ ಇನ್ನೂ ಆರಿಲ್ಲ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲವಲ್ಲ. ಮಗಾ, ಹಾಳಾದ ಮೇಲೆ ಆರಿಸುವುದಲ್ಲ, ನೆಲಕ್ಕೆ ಬೀಳದಂತೆ ಹಾಕುವುದೇ ದಾರಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಕುದುರೆಗಳಿಗೆ ಹೀಗೂ ಹಾಗೂ ಹುಲ್ಲು ಹಾಕಿ ತೂಗಿ ನೋಡಿದ್ದನ್ನು ಮೊಮ್ಮಗಳು ಓದಿ ಹೇಳಿದಳು: ಬರಿ ನೆಲಕ್ಕೆ ಹಾಕಿದಾಗ ಶೇಕಡಾ 13 ಹಾಳಾದರೆ, ಪಟ್ಟಿ ಹೊಡೆದ ಪೆಟ್ಟಿಗೆಯಂತಹ ಗೋದಲಿಯಲ್ಲಿ ಹಾಕಿದಾಗ ಹಾಳಾದದ್ದು ಶೇಕಡಾ 1 ಮಾತ್ರ. ನೀನು ಅಂಥದ್ದನ್ನು ಮಾಡಿಸು. ಅಲ್ಲಿಯವರೆಗೆ ಮಲ್ಪೆ ಬಂದರಿನಲ್ಲಿ ದಪ್ಪ ಹಗ್ಗದ ಹಳೆಯ ಬಲೆಯ ತುಂಡು ಸಿಕ್ಕರೆ ತಂದು, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ಮೂರು ಸಲ ತೊಳೆದು, ಚೀಲದಂತೆ ಕಟ್ಟಿ ಹುಲ್ಲು ತುಂಬಿಸು. ತೆಳು ನೈಲಾನ್ ಬಲೆ ಬೇಡ, ಬಾಯಿ ಕೊಯ್ಯುತ್ತದೆ. ಹುಲ್ಲು ಖಾಲಿಯಾದಾಗ ಬಲೆ ಜೋತುಬಿದ್ದು ಮುಂಗಾಲಿಗೆ ಸಿಗಬಾರದು, ಲಾಳ ಸಿಕ್ಕಿಕೊಂಡರೆ ಕಾಲು ಮುರಿದೀತು. ಆದ್ದರಿಂದ ಖಾಲಿಯಾದಾಗಲೂ ಬಲೆಯ ತಳ ಕುದುರೆಯ ಎದೆಮಟ್ಟಕ್ಕಿಂತ ಕೆಳಗೆ ಇಳಿಯದಷ್ಟು ಎತ್ತರಕ್ಕೆ, ಎಳೆದ ಕೂಡಲೇ ಬಿಚ್ಚಿಕೊಳ್ಳುವ ಗಂಟು ಹಾಕಿ ಕಟ್ಟು.

ಇನ್ನೊಂದು, ಕಣ್ಣಂದಾಜಿಗೆ ಹಾಕಬೇಡ, ತೂಗಿ ಹಾಕು. ಕುದುರೆಯ ನೂರು ಕಿಲೋ ತೂಕಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಒಣಹುಲ್ಲು ಬೇಕು. 300 ಕಿಲೋ ಇದ್ದರೆ ನಾಲ್ಕೂವರೆಯಿಂದ ಆರು ಕಿಲೋ. ಉಳಿಸಬೇಕೆಂದು ಅದಕ್ಕಿಂತ ಕಡಿಮೆ ಮಾಡಬೇಡ. ಅಷ್ಟನ್ನು ಒಂದೇ ಸಲ ಸುರಿಯದೆ ನಾಲ್ಕು ಪಾಲು ಮಾಡಿ, ರಾತ್ರಿಯದ್ದನ್ನು ಸ್ವಲ್ಪ ಹೆಚ್ಚಿಸಿ ಹಾಕು. ಲಾರಿಯಿಂದ ಇಳಿಸಿದ ಹುಲ್ಲನ್ನು ಸಿಮೆಂಟಿನ ನೆಲಕ್ಕೆ ತಾಗಿಸದೆ ಸಲಾಕೆಯ ಮೇಲೆ ಪೇರಿಸಿ, ಗೋಡೆಯಿಂದ ಒಂದು ಗೇಣು ಬಿಡು.

ತೂಗಲು ಹಟ್ಟಿಯ ಕೊಕ್ಕೆ ತಕ್ಕಡಿ ನನ್ನಲ್ಲೇ ಇದೆ, ನಾಳೆ ಉಡುಪಿ ಕಡೆಗೆ ಬರುವ ನಿನ್ನ ಚಿಕ್ಕಪ್ಪನ ಕೈಯಲ್ಲಿ ಕಳುಹಿಸುತ್ತೇನೆ. ರಾತ್ರಿಗೆಂದು ಆರಿಸಿ ಒಣಗಿಸಿದ ಹುಲ್ಲು ಏನಾದರೂ ಇದ್ದರೆ ಈಗಲೇ ತೆಂಗಿನ ಬುಡಕ್ಕೆ ಹಾಕಿಸಿ, ಹಾಕಿಸಿದೆ ಎಂದು ಇಲ್ಲಿ ಒಂದು ಮಾತು ತಿಳಿಸು.