ಸೋರುತಿಹುದು ಮನೆಯ ಮಾಳಿಗಿ: ಅಶ್ವಥ್ ಧಾಟಿಯೋ, ರಘು ದೀಕ್ಷಿತ್ ಧಾಟಿಯೋ?

ಬ್ರಹ್ಮಪುರದ ಅಕ್ಕ, ಕಲಬುರಗಿ

ಮುಂದಿನ ತಿಂಗಳು ಮಗಳ ಕಾಲೇಜಿನಲ್ಲಿ ಗ್ಯಾದರಿಂಗ್ ಇದೆ. ಶರೀಫರ ‘ಸೋರುತಿಹುದು’ ಹಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳು ಕಲಿತಿರೋದು ರಘು ದೀಕ್ಷಿತ್ ಹಾಡಿದ್ದು, 2008ರ ಅವರ ಮೊದಲ ಆಲ್ಬಮ್‌ನಲ್ಲಿ ಇದೆಯಲ್ಲ, ಅದು. ನನ್ನ ಕಿವಿಯಲ್ಲಿ ಇರೋದು ಸಿ. ಅಶ್ವಥ್. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲೆ ನಮ್ಮ ಮನೆಯಲ್ಲಿ ಆ ಕ್ಯಾಸೆಟ್ ಟೇಪು ಸಡಿಲಾಗುವವರೆಗೂ ಓಡಿತು.

ನಿನ್ನೆ ರಾತ್ರಿ ಎರಡನ್ನೂ ಕೂತು ಕೇಳಿದೆವು. ಅಶ್ವಥ್ ದನಿ ಎತ್ತಿದರೆ ಸಾಕು, ನನಗೆ ಎದೆ ಝಲ್ ಅನ್ನುತ್ತದೆ. ಊರಿಗೆಲ್ಲ ಕೂಗಿ ಹೇಳಿದ ಹಾಗೆ. ರಘು ಅವರದರಲ್ಲಿ ಗಿಟಾರು, ಪಿಟೀಲು. ಗೆಳೆಯನೊಬ್ಬ ಪಕ್ಕದಲ್ಲಿ ಕೂತು ಹೇಳಿದ ಹಾಗೆ. “ಮೂಲ ಹಾಡು ಇರುವಾಗ ನಕಲು ಯಾಕೆ?” ಅಂದುಬಿಟ್ಟೆ. ಅವಳು ತಟ್ಟೆ ಬಿಟ್ಟು ಎದ್ದು ಹೋದಳು. ಯಾವುದನ್ನು ಹಾಡಿಸಲಿ?

ಬೀದರ್ ಗಿಟಾರ್

ಅಕ್ಕಾ, ನಕಲು ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ರಘು ಬೆಳೆದದ್ದು ಮೈಸೂರಿನಲ್ಲಿ. ಆದರೂ ‘ಮನಿಯ ಮಾಳಿಗಿ’ ಅಂತಲೇ ಇಟ್ಟರು, ನಮ್ಮ ಕಡೆ ಮಾತನ್ನು ತಿದ್ದಲಿಲ್ಲ. ನಾನು ಗಿಟಾರು ಕಲಿಸುತ್ತೇನೆ. ನನ್ನ ಹತ್ತಿರ ಬರುವ ಎಷ್ಟೋ ಹುಡುಗರು ಶರೀಫರ ಹೆಸರು ಮೊದಲು ಕೇಳಿದ್ದೇ ಅವರ ಹಾಡಿನಿಂದ. ಆಮೇಲೆ ಅವರೇ ಹುಡುಕಿಕೊಂಡು ಹೋಗಿ ಅಶ್ವಥ್ ಕೇಳಿದರು. ಮಗಳು ಅವಳಿಗೆ ಬಂದ ಹಾಗೆ ಹಾಡಲಿ ಬಿಡಿ.

ಯಡ್ರಾಮಿ ಕಡೆಯವ

ತಂಗೀ, ಅಶ್ವಥ್ ಅವರದೂ ಮೂಲ ಅಲ್ಲ. ಶರೀಫಜ್ಜ ಇದ್ದದ್ದು 1819ರಿಂದ 1889ರವರೆಗೆ. ನಮ್ಮ ದೇಶದಲ್ಲಿ ಗ್ರಾಮಫೋನಿಗೆ ಹಾಡು ಹಿಡಿಯೋಕೆ ಶುರು ಮಾಡಿದ್ದು 1902ರಲ್ಲಿ. ಅಜ್ಜನ ದನಿ ಯಾರ ಹತ್ತಿರವೂ ಇಲ್ಲ. ಪದ ಉಳಿದದ್ದು ಭಜನೆಯವರ ಬಾಯಲ್ಲಿ.

ನಾನು ನಮ್ಮ ಕಡೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದ ಹಾಡುತ್ತಾ ಬೆಳೆದವನು. ಒಂದೇ ಪದಕ್ಕೆ ಈ ಓಣಿಯಲ್ಲಿ ಒಂದು ಧಾಟಿ, ಆ ಓಣಿಯಲ್ಲಿ ಇನ್ನೊಂದು. ಯಾರೂ ನಕಲು ಅನ್ನಲ್ಲ. ಮಾತು ಕೇಳಿಸಬೇಕು, ಅಷ್ಟೇ.

ನಾನು ಹುಟ್ಟಿದ್ದು ಮಣ್ಣಿನ ಮಾಳಗಿ ಮನೆಯಲ್ಲಿ, ಅಂದರೆ ಜಂತಿ ಮೇಲೆ ಮಣ್ಣು ಹಾಕಿದ ಚಪ್ಪಟೆ ಛಾವಣಿ. ‘ಕರಕಿ ಹುಲ್ಲು ಕಸವು ಹತ್ತಿ’ ಅಂತ ಬರುತ್ತಲ್ಲ, ಅಜ್ಜ ಅದನ್ನು ಸುಮ್ನೆ ಹೇಳಿದ್ದಲ್ಲ. ಮಾಳಗಿ ಮೇಲೆ ಕರಕಿ, ಅಂದರೆ ಗರಿಕೆ, ಬೇರು ಬಿಟ್ಟರೆ ಮಣ್ಣು ಬಿರಿಯುತ್ತದೆ. ಅದರಲ್ಲಿ ಇರುವೆ ಗೂಡು ಮಾಡುತ್ತವೆ. ನೀರು ಅದೇ ದಾರಿ ಹಿಡಿದು ಒಳಗೆ ಇಳಿಯುತ್ತದೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಮುಂಚೆ ಅಪ್ಪ ಮೇಲೆ ಹತ್ತಿ, ಕರಕಿ ಕಿತ್ತು, ಸವಳು ಮಣ್ಣು ಹಾಕಿ ತುಳಿಯುತ್ತಿದ್ದ. ಅಪ್ಪನ ಕಾಲು ಮುರಿದ ವರ್ಷ ಯಾರೂ ಹತ್ತಲಿಲ್ಲ. ಆ ಮಳೆಗಾಲ ಅವ್ವ ರಾತ್ರಿಯೆಲ್ಲ ಸೋರುವಲ್ಲಿ ಪಾತ್ರೆ ಇಡುತ್ತಾ ತಿರುಗಿದಳು. ಹಿತ್ತಾಳೆ ಕೊಡದ ತಳಕ್ಕೆ ಹನಿ ಬಿದ್ದರೆ ಟಣ್ ಅನ್ನುತ್ತಿತ್ತು. ನೀರು ತುಂಬಿದ ಮೇಲೆ ಟಪ್. ಜೋಳದ ಚೀಲವನ್ನು ಮೂರು ಸಲ ಎಳೆದು ಜಾಗ ಬದಲಿಸಿದೆವು.

‘ಕಾಳಕತ್ತಲೆಯೊಳಗೆ ನಾನು ಮೇಲಕೇರಿ ಹೋಗಲಾರೆ’ ಅನ್ನುವಾಗ ನನಗೆ ಕಾಣೋದು ಅಪ್ಪ. ಹಾಸಿಗೆಯಲ್ಲಿ ಮಲಗಿ ಜಂತಿ ನೋಡುತ್ತಿದ್ದ. ಅಲ್ಲಿ ಅಶ್ವಥ್ ನನಗೆ ಹತ್ತಿರ. ಅಷ್ಟು ಎತ್ತರದ ದನಿಯಲ್ಲೂ ಕೈಲಾಗದ ಸಂಕಟ ಇದೆ. ರಘು ಅವರದರಲ್ಲಿ ವಾದ್ಯ ಮುಂದೆ ಬಂದಾಗ ನನಗೆ ತೊಲೆ, ಜಂತಿ ಹಿಂದೆ ಸರಿದ ಹಾಗೆ ಅನಿಸುತ್ತದೆ. ಇದು ನನ್ನ ಕಿವಿಯ ಮಾತು. ಮಗಳು ಅವಳ ಧಾಟಿಯಲ್ಲೇ ಹಾಡಲಿ. ಆದರೆ ಮೊದಲು ಒಂದು ಹಳೆ ಮಾಳಗಿ ತೋರಿಸಿ.

ಶಹಾಪುರ, ಯಾದಗಿರಿ

ಅಣ್ಣನ ಮಾತು ಸರಿ. ಒಂದೇ ಒಂದು ಸೇರಿಸುತ್ತೇನೆ. ಹಾಡಿನ ಮಾಳಿಗಿ ಅಂದರೆ ಬರೀ ಮಣ್ಣಿನ ಛಾವಣಿ ಅಲ್ಲ, ಸೋರೋದು ‘ಅಜ್ಞಾನದಿಂದ’ ಅಂತ ಮೊದಲ ಸಾಲಲ್ಲೇ ಇದೆ. ಯಾವ ಧಾಟಿಯಾದರೂ ಆ ಮಾತನ್ನು ನುಂಗಬಾರದು. ಹಾಡುವ ಹುಡುಗರು ಅಲ್ಲೇ ಉಸಿರು ಬಿಡುತ್ತಾರೆ.

ಬ್ರಹ್ಮಪುರದ ಅಕ್ಕ, ಕಲಬುರಗಿ

ಅಣ್ಣಾ, ನೀವು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಭಾನುವಾರ ಆಳಂದ ಹತ್ತಿರದ ನನ್ನ ತವರಿಗೆ ಹೋದೆವು. ಹಳೆ ಮನೆಗೆ ಈಗ ಅರ್ಧ ತಗಡು, ಅರ್ಧ ಮಾಳಗಿ. ಅವಳು ಏಣಿ ಹತ್ತಿ ಒಂದು ಕರಕಿ ಹಿಡಿದು ಎಳೆದಳು. ಬೇರಿನ ಜೊತೆ ಹಿಡಿ ಮಣ್ಣು ಬಂತು. ಒಳಗೆ ನಿಂತಿದ್ದ ನನಗೆ ಜಂತಿ ಸಂದಿಯಿಂದ ಸಾಸಿವೆಯಷ್ಟು ಬೆಳಕು ಕಂಡಿತು. ಅಲ್ಲೇ ಮೇಲೆ ಕೂತು, ಗಿಟಾರು ಇಲ್ಲದೆ, ರಘು ಧಾಟಿಯಲ್ಲೇ ಹಾಡಿದಳು. ‘ಅಜ್ಞಾನದಿಂದ’ ಪೂರ್ತಿ ಕೇಳಿಸಿತು. ನಕಲು ಅಂದಿದ್ದಕ್ಕೆ ಅವಳ ಹತ್ತಿರ ತಪ್ಪಾಯಿತು ಅಂದೆ.

ಕರಕಿಯ ನುಡಿಯನ್ನೂ ಸೇರಿಸಿ, ಅಲ್ಲಿ ವಾದ್ಯ ನಿಲ್ಲಿಸಿ ಬರೀ ದನಿಯಲ್ಲಿ ಹಾಡುತ್ತಾಳಂತೆ. ಬೀದರಿನ ತಮ್ಮಾ, ಮತ್ತೆ ಗಿಟಾರು ಎಲ್ಲಿ ಹಿಡಿಯಬೇಕು ಅಂತ ಅವಳಿಗೆ ಸ್ವಲ್ಪ ಹೇಳಿಕೊಡುತ್ತೀಯಾ?