ಪೋಲ್ ಪಾಟ್ ಆಡಳಿತ ಬಿದ್ದ ಚರಿತ್ರೆ ತಿಳಿಯಲು ಕಾಂಬೋಡಿಯಾದಲ್ಲಿ ಎಲ್ಲೆಲ್ಲಿ ಹೋಗಬೇಕು? ಗೊತ್ತಿರುವವರು ಹೇಳಿ

ಕೇಳಿದವರು: ಫೆಬ್ರವರಿಯಲ್ಲಿ ಅಪ್ಪ ಅಮ್ಮನ ಜೊತೆ ವಿಯೆಟ್ನಾಂ, ಕಾಂಬೋಡಿಯಾ, ಒಟ್ಟು 8 ದಿನ. ಪ್ಯಾಕೇಜ್‌ನವರು ಅಂಗ್ಕೋರ್ ವಾಟ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಖ್ಮೇರ್ ರೂಜ್ (ಆಗ ದೇಶ ಆಳುತ್ತಿದ್ದ ಪೋಲ್ ಪಾಟ್‌ನ ಕಮ್ಯುನಿಸ್ಟ್ ಸಂಘಟನೆ) ಹೇಗೆ ಬಿತ್ತು, ಆ ಯುದ್ಧ ಯಾವ ದಾರಿಯಲ್ಲಿ ಬಂತು ಎನ್ನುವುದನ್ನು ಆಯಾ ಜಾಗದಲ್ಲೇ ನಿಂತು ತಿಳಿಯಬೇಕು. ಯಾವ ಕ್ರಮದಲ್ಲಿ ನೋಡಲಿ? ನೆಲಬಾಂಬ್ ಭಯ ಈಗಲೂ ಇದೆಯೇ?

ಮೇಕಾಂಗ್ ದಾರಿ: ಹೋ ಚಿ ಮಿನ್ ಸಿಟಿಯಿಂದ ಕಾಂಬೋಡಿಯಾ ರಾಜಧಾನಿ ನೋಮ್ ಪೆನ್‌ಗೆ ವಿಮಾನ ಬೇಡ, ಬಸ್ ಹಿಡಿಯಿರಿ. ಸುಮಾರು 230 ಕಿ.ಮೀ., ಗಡಿಯಲ್ಲಿ ನಿಲ್ಲುವ ಹೊತ್ತೂ ಸೇರಿ ಆರೇಳು ಗಂಟೆ. ಬಾವೆಟ್ ಗಡಿ ದಾಟಿದ ಮೇಲೆ ಸಿಗುವುದು ಹೆದ್ದಾರಿ 1. 1978ರ ಡಿಸೆಂಬರ್ 25ರಂದು ವಿಯೆಟ್ನಾಂ ಸುಮಾರು ಒಂದೂವರೆ ಲಕ್ಷ ಸೈನಿಕರನ್ನು ನುಗ್ಗಿಸಿತಲ್ಲ, ಅವರು ಬಂದ ಮುಖ್ಯ ದಾರಿಗಳಲ್ಲಿ ಇದೊಂದು, ಉತ್ತರದ ಹೆದ್ದಾರಿ 7 ಇನ್ನೊಂದು. ನೆಕ್ ಲುವಾಂಗ್ ಬಂದಾಗ ನಿದ್ದೆ ಮಾಡಬೇಡಿ. ಅಲ್ಲಿನ ದೊಡ್ಡ ಸೇತುವೆ ಆಗಿದ್ದು 2015ರಲ್ಲಿ, ಯುದ್ಧದ ಕಾಲದಲ್ಲಿ ಮೇಕಾಂಗ್ ದಾಟಲು ಫೆರ್ರಿಯೇ ಗತಿ. ಅಷ್ಟು ಅಗಲದ ನದಿ ಅಡ್ಡ ಇದ್ದರೂ ಎರಡೇ ವಾರದಲ್ಲಿ, ಜನವರಿ 7ಕ್ಕೆ, ರಾಜಧಾನಿ ಬಿತ್ತು.

ಯಾಕೆ ಅಷ್ಟು ಬೇಗ ಎಂದರೆ, ಪೋಲ್ ಪಾಟ್ ಒಳ್ಳೆಯ ಪಡೆಗಳನ್ನೆಲ್ಲ ಪೂರ್ವದ ಗಡಿಗೇ ತಂದು ನಿಲ್ಲಿಸಿದ್ದ. ಆ ಸಾಲು ಮುರಿದ ಮೇಲೆ ಹಿಂದೆ ತಡೆಯುವವರು ಇರಲಿಲ್ಲ. ಮೇಲಾಗಿ 1978ರಲ್ಲಿ ತನ್ನದೇ ಪೂರ್ವ ವಲಯದ ಕಾರ್ಯಕರ್ತರನ್ನು ಸಾಮೂಹಿಕವಾಗಿ ಕೊಲ್ಲಿಸಿದ್ದ. ಅಲ್ಲಿಂದ ವಿಯೆಟ್ನಾಂಗೆ ತಪ್ಪಿಸಿಕೊಂಡ ಹೆಂಗ್ ಸಮ್ರಿನ್‌ನಂಥವರೇ ಆ ಸೇನೆಯ ಜೊತೆ ವಾಪಸ್ ಬಂದು ಹೊಸ ಸರ್ಕಾರ ಕಟ್ಟಿದರು.

ವಿಯೆಟ್ನಾಂ ಕಡೆ ಒಂದು ದಿನ ಉಳಿದರೆ ಅನ್ ಯಾಂಗ್ ಪ್ರಾಂತ್ಯದ ಬಾ ಚುಕ್‌ಗೆ ಹೋಗಿ. 1978ರ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ಗಡಿ ದಾಟಿ ಬಂದು ಆ ಊರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ವಿಯೆಟ್ನಾಂ ಯಾಕೆ ಯುದ್ಧಕ್ಕಿಳಿಯಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಾಂಬೋಡಿಯಾದ ಇ-ವೀಸಾ ಎಲ್ಲ ಗಡಿಗಳಲ್ಲೂ ನಡೆಯುವುದಿಲ್ಲ, ಬಾವೆಟ್‌ನಲ್ಲಿ ನಡೆಯುತ್ತದೆ. ಮತ್ತೆ ವಿಯೆಟ್ನಾಂಗೆ ಬಂದು ಊರಿಗೆ ಹೊರಡುವುದಾದರೆ ವಿಯೆಟ್ನಾಂ ವೀಸಾ ಒಂದಕ್ಕಿಂತ ಹೆಚ್ಚು ಸಲದ ಪ್ರವೇಶದ್ದೇ ಆಗಿರಲಿ. ಬಹಳ ಜನ ಎಡವುವುದು ಇಲ್ಲೇ.

ಎಸ್-21 ನೋಡುವವರಿಗೆ: ನೋಮ್ ಪೆನ್‌ನಲ್ಲಿ ಬೆಳಗ್ಗೆ ಎಂಟಕ್ಕೇ ಟುವೋಲ್ ಸ್ಲೆಂಗ್ (ಎಸ್-21 ಎಂಬ ಖ್ಮೇರ್ ರೂಜ್ ಸೆರೆಮನೆ, ಈಗ ಮ್ಯೂಸಿಯಂ), ಅದಾದ ಮೇಲೆ ಕೈದಿಗಳನ್ನು ಕೊಂದು ಹೂತ ಚೋಯುಂಗ್ ಎಕ್. ಈ ಕ್ರಮ ತಿರುವು ಮುರುವು ಮಾಡಬೇಡಿ. ಕೈದಿಗಳನ್ನು ಲಾರಿಯಲ್ಲಿ ತುಂಬಿ ಒಯ್ದದ್ದು ಇಲ್ಲಿಂದ ಅಲ್ಲಿಗೆ, ಸುಮಾರು 15 ಕಿ.ಮೀ. ಎರಡೂ ಕಡೆ ಆಡಿಯೋ ಗೈಡ್ ತೆಗೆದುಕೊಳ್ಳಿ. ಅದಿಲ್ಲದೆ ಹೋದರೆ ಖಾಲಿ ಕೋಣೆ, ಖಾಲಿ ಮೈದಾನ ನೋಡಿದ ಹಾಗಾಗುತ್ತದೆ.

ಟುವೋಲ್ ಸ್ಲೆಂಗ್ ಮೊದಲು ಹೈಸ್ಕೂಲು. ಎ ಕಟ್ಟಡದಲ್ಲಿ ನೆಲದ ಚೌಕದ ಟೈಲ್ಸ್ ಗಮನಿಸಿ, ಶಾಲೆಯದ್ದೇ. ಅದರ ಮೇಲೆ ಬರೀ ಕಬ್ಬಿಣದ ಮಂಚ. ಕಾವಲಿನವರು ಪರಾರಿಯಾಗುವ ಮುಂಚೆ ಕೊಂದುಹಾಕಿದ ಕೊನೆಯ 14 ಜನರ ಹೆಣ ವಿಯೆಟ್ನಾಂ ಪತ್ರಕರ್ತರಿಗೆ ಸಿಕ್ಕಿದ್ದು ಇಲ್ಲೇ, ಅವರ ಸಮಾಧಿ ಅಂಗಳದಲ್ಲಿದೆ. ಸಿ ಕಟ್ಟಡದ ಮುಂದೆ ಮೇಲಿನಿಂದ ಕೆಳಗಿನವರೆಗೆ ಮುಳ್ಳುತಂತಿಯ ಬಲೆ. ತಪ್ಪಿಸಿಕೊಳ್ಳುವುದನ್ನು ತಡೆಯಲು ಅಂದುಕೊಳ್ಳುತ್ತಾರೆ, ಅಲ್ಲ. ಚಿತ್ರಹಿಂಸೆ ತಾಳಲಾರದೆ ಕೈದಿಗಳು ಮಹಡಿಯಿಂದ ಹಾರಿ ಸಾಯಬಾರದು ಎಂದು ಕಟ್ಟಿದ್ದು.

ಚೋಯುಂಗ್ ಎಕ್‌ನಲ್ಲಿ 129 ಗುಂಡಿಗಳ ಪೈಕಿ 86 ಅಗೆದಾಗ ಎಂಟು ಸಾವಿರಕ್ಕೂ ಹೆಚ್ಚು ಶವ ಸಿಕ್ಕಿದವು. ಉಳಿದವನ್ನು ಮುಟ್ಟಿಲ್ಲ. ಮಳೆ ಬಿದ್ದಾಗಲೆಲ್ಲ ಮಣ್ಣಿನಿಂದ ಬಟ್ಟೆಯ ಚೂರು, ಎಲುಬಿನ ಚೂರು ಮೇಲೇಳುತ್ತವೆ. ಹಾಕಿರುವ ಹಲಗೆ ದಾರಿ ಬಿಟ್ಟು ಕಾಲಿಡಬೇಡಿ, ಏನನ್ನೂ ಎತ್ತಬೇಡಿ.

ಇತಿಹಾಸದ ಮೇಷ್ಟ್ರು: ಒಂದು ತಿದ್ದುಪಡಿ. ಜನವರಿ 7ಕ್ಕೆ ರಾಜಧಾನಿ ಬಿತ್ತು, ಖ್ಮೇರ್ ರೂಜ್ ಮುಗಿಯಲಿಲ್ಲ. ಥಾಯ್ ಗಡಿಗೆ ಸರಿದು ಇನ್ನೂ 20 ವರ್ಷ ಉಳಿಯಿತು. ವಿಯೆಟ್ನಾಂಗೆ ಬುದ್ಧಿ ಕಲಿಸಲೆಂದು 1979ರ ಫೆಬ್ರವರಿ 17ರಂದು ಚೀನಾ ಉತ್ತರದಿಂದ ದಾಳಿ ಮಾಡಿತು. ಹೆಚ್ಚು ನೋವಾಗುವುದು ಇದಕ್ಕೆ: ಅಷ್ಟೆಲ್ಲ ಕೊಂದವರ ಪ್ರತಿನಿಧಿಯೇ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿಯಲ್ಲಿ ಮುಂದುವರಿದ. ಭಾರತ 1980ರ ಜುಲೈನಲ್ಲಿ ನೋಮ್ ಪೆನ್‌ನ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಅಂಗ್ಕೋರ್ ವಾಟ್‌ನಲ್ಲಿ 1986ರಿಂದ 1993ರವರೆಗೆ ನಮ್ಮ ಪುರಾತತ್ವ ಇಲಾಖೆ ಕೆಲಸ ಮಾಡಿತಲ್ಲ, ಅದರ ಹಿನ್ನೆಲೆ ಇದೇ.

1989ರ ಸೆಪ್ಟೆಂಬರ್‌ನಲ್ಲಿ ವಿಯೆಟ್ನಾಂ ಸೇನೆ ಹೊರಟಿತು. 1991ರಲ್ಲಿ ಪ್ಯಾರಿಸ್ ಶಾಂತಿ ಒಪ್ಪಂದವಾಯಿತು. 1993ರ ಚುನಾವಣೆಗೆ ಖ್ಮೇರ್ ರೂಜ್ ಬರಲಿಲ್ಲ. ಪೈಲಿನ್‌ನ (ಥಾಯ್ ಗಡಿಯ ಊರು) ರತ್ನ, ಕಾಡಿನ ಮರ ಮಾರಿ ಬಂದೂಕು ಕೊಳ್ಳುತ್ತಿತ್ತು. 1996ರಲ್ಲಿ ಅದರ ಹಿರಿಯ ನಾಯಕ ಇಯೆಂಗ್ ಸರಿ ತನ್ನ ಪಡೆಯ ಜೊತೆ ಸರ್ಕಾರದ ಕಡೆ ಸೇರಿದಾಗ ಪೈಲಿನ್ ಕೈತಪ್ಪಿತು, ಹಣದ ಬೇರೂ ಕಡಿಯಿತು. ಪೋಲ್ ಪಾಟ್ 1998ರ ಏಪ್ರಿಲ್ 15ರಂದು ಅನ್ಲೋಂಗ್ ವೆಂಗ್ ಬಳಿ ಸತ್ತ. ಆ ಸಾಮೂಹಿಕ ಕೊಲೆಗಳಿಗಾಗಿ ನ್ಯಾಯಾಲಯದ ವಿಚಾರಣೆ ಎದುರಿಸಲಿಲ್ಲ. ಅವನನ್ನು ಸುಟ್ಟ ಜಾಗಕ್ಕೆ ತಗಡಿನ ಸಣ್ಣ ಮಾಡು ಇದೆ. ಆದರೆ ಅದು ಥಾಯ್ ಗಡಿಗೆ ತಾಗಿಕೊಂಡಿದೆ, 2025ರಲ್ಲಿ ಆ ಗಡಿಯುದ್ದಕ್ಕೂ ಎರಡು ದೇಶಗಳ ಸೇನೆ ಗುಂಡು ಹಾರಿಸಿಕೊಂಡಿವೆ. ಅಪ್ಪ ಅಮ್ಮನ ಜೊತೆ ಬೇಡ. ಭಾರತೀಯ ರಾಯಭಾರ ಕಚೇರಿಯ ಸೂಚನೆಯನ್ನೂ ಹೊರಡುವ ವಾರ ನೋಡಿಕೊಳ್ಳಿ.

ಜನವರಿ 7 ಅಲ್ಲಿ ಸರ್ಕಾರಿ ರಜೆ. ಅದನ್ನು ವಿಮೋಚನೆ ಎನ್ನುವವರೂ ಇದ್ದಾರೆ, ಆಕ್ರಮಣ ಎನ್ನುವವರೂ ಇದ್ದಾರೆ. ಗೈಡ್‌ ಹತ್ತಿರ ‘ಯಾರದು ಸರಿ’ ಎಂದು ಕೇಳಬೇಡಿ, ‘ನಿಮ್ಮ ಊರಿನಲ್ಲಿ ಆಗ ಏನಾಯಿತು’ ಎಂದು ಕೇಳಿ.

ನೆಲಬಾಂಬ್ ಬಗ್ಗೆ: ನೋಮ್ ಪೆನ್, ಅಂಗ್ಕೋರ್‌ನ ಮುಖ್ಯ ಗುಡಿಗಳಲ್ಲಿ ಭಯ ಬೇಡ. ಅಪಾಯ ಹೆಚ್ಚಿರುವುದು ಪಶ್ಚಿಮ, ವಾಯವ್ಯದ ಗಡಿಯಲ್ಲಿ. 1980ರ ದಶಕದ ಮಧ್ಯದಲ್ಲಿ ಕೆ-5 ಎಂಬ ಗಡಿ ತಡೆ ಯೋಜನೆಯಲ್ಲಿ ನೋಮ್ ಪೆನ್ ಸರ್ಕಾರ, ವಿಯೆಟ್ನಾಂ ಸೇನೆಯವರು ಥಾಯ್ ಗಡಿಯುದ್ದಕ್ಕೂ ಬಾಂಬ್ ಹೂತರು, ಖ್ಮೇರ್ ರೂಜ್ ಕೂಡ ಹೂತಿತು. ಚೀನಾದ 72 ಮಾದರಿಯದು ಅಂಗೈಯಷ್ಟೇ ಅಗಲ, ಮೈ ಪೂರ್ತಿ ಪ್ಲಾಸ್ಟಿಕ್, ಲೋಹ ಹೆಸರಿಗೆ ಮಾತ್ರ. ಹಾಗಾಗಿ ಲೋಹಶೋಧಕಕ್ಕೆ ಸುಲಭಕ್ಕೆ ಸಿಗದು. ನೆರೆ ಬಂದರೆ ಹೂತ ಜಾಗದಿಂದ ಸರಿದೂ ಹೋಗುತ್ತದೆ. ಸಿಯೆಮ್ ರೀಪ್‌ನಲ್ಲಿ ನೆಲಬಾಂಬ್ ಹುಡುಕುವ ಅಪೊಪೊ ಸಂಸ್ಥೆಯ ಕೇಂದ್ರಕ್ಕೆ ಹೋಗಿ. ಅಲ್ಲಿನ ದೊಡ್ಡ ಆಫ್ರಿಕನ್ ಇಲಿಗಳು ಲೋಹವನ್ನಲ್ಲ, ಸ್ಫೋಟಕದ ವಾಸನೆ ಹಿಡಿಯುತ್ತವೆ, ತೂಕ ಕಡಿಮೆಯಾದ್ದರಿಂದ ಬಾಂಬ್ ಸಿಡಿಯುವುದಿಲ್ಲ. ಹಳ್ಳಿ ಕಡೆ ತಲೆಬುರುಡೆಯ ಕೆಂಪು ಫಲಕ ಕಂಡರೆ ಮೂತ್ರಕ್ಕೆಂದೂ ದಾರಿ ಬಿಟ್ಟು ಇಳಿಯಬೇಡಿ.

ಕೇಳಿದವರು: ತುಂಬಾ ಉಪಕಾರವಾಯಿತು. ಅಮ್ಮನಿಗೆ ಮಂಡಿನೋವು, ಟುವೋಲ್ ಸ್ಲೆಂಗ್ ಆಗುತ್ತದಾ?

ಎಸ್-21 ನೋಡುವವರಿಗೆ: ಆಗುತ್ತದೆ. ಮೆಟ್ಟಿಲು ಇರುವುದು ಮೇಲಂತಸ್ತಿಗೆ, ಮುಖ್ಯವಾದ ಬಹಳಷ್ಟು ನೆಲಮಹಡಿಯಲ್ಲೇ ಇದೆ. ಅಂಗಳದ ಬೆಂಚಿನಲ್ಲಿ ಕೂತೂ ಆಡಿಯೋ ಕೇಳಬಹುದು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಅಂದು ಸಂಜೆಗೆ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.